ಗದಿಗೆವ್ವ ನಿಲ್ಲಿಸಿದ ದೇವಿ

ಅಡರಕಟ್ಟಿ ಕ್ರಾಸಿನ ಬೇವಿನ ಮರದ ಬುಡಕ್ಕೆ ದೇವಿ ಎಲ್ಲಿಂದ ಬಂದಳೆಂಬುದು ಗೊತ್ತಿದ್ದದ್ದು ಗದಿಗೆವ್ವ ಒಬ್ಬಳಿಗೇ. ಹನ್ನೆರಡು ವರ್ಷದ ಕೆಳಗೆ ರಸ್ತೆ ಅಗಲ ಮಾಡುವವರು ಮರಕ್ಕೆ ಕೆಂಪು ಬಣ್ಣದಲ್ಲಿ ನಂಬರು ಬರೆದು ಹೋದಾಗ, ಅದರ ನೆರಳಲ್ಲಿ ಕಾಯಿಪಲ್ಲೆ ಮಾರುತ್ತಿದ್ದ ಇವಳಿಗೆ ಮರ ಕಡಿಯುತ್ತಾರೆಂದು ಗೊತ್ತಾಗಿತ್ತು. ಬಸ್ಸಿಗೆ ಕಾಯುವವರಿಗೂ ಸುತ್ತ ಎಲ್ಲಿಯೂ ಬೇರೆ ನೆರಳಿರಲಿಲ್ಲ. ಮರುದಿನ ಬೆಳಿಗ್ಗೆ ಮನೆಯ ಖಾರ ಅರೆಯುವ ಗುಂಡುಕಲ್ಲನ್ನು ತಂದು ಬುಡದಲ್ಲಿ ನಿಲ್ಲಿಸಿದಳು, ಅರಿಷಿಣ ಕುಂಕುಮ ಬಳಿದಳು, ಗರಗಸದವರು ಬಂದದ್ದೇ ತಡ ಕೂದಲು ಬಿಚ್ಚಿ ಮೈದುಂಬಿದವಳಂತೆ ಕುಣಿದಳು. ಅವರು ಕೈಮುಗಿದು ಹೋದರು. ರಸ್ತೆಯೇ ಸೊಟ್ಟಗಾಯಿತು.

ಈ ವರ್ಷ ಯುಗಾದಿಯಾದ ಮೇಲೆ ಲೈನ್‌ಮನ್ ಯೂಸುಫ ತಂತಿಗೆ ತಾಗುವ ರೆಂಬೆ ಸವರಲು ಮರ ಹತ್ತಿದವನು ಹತ್ತಿದಷ್ಟೇ ಬೇಗ ಇಳಿದ. ಗದಿಗೆವ್ವನ ಪಕ್ಕ ಕುಳಿತು ಮೆಲ್ಲಗೆ ಹೇಳಿದ.

"ಯವ್ವಾ, ಒಳಗೆಲ್ಲಾ ಪೊಳ್ಳ ಆಗೇತಿ. ಒಂದ್ ದೊಡ್ಡ ಗಾಳಿ ಬಂದ್ರ ಮಂದಿ ಮ್ಯಾಲೆ ಬೀಳ್ತೈತಿ. ದೇವ್ರ ಗಿಡ, ನಾ ಹ್ಯಾಂಗ ಮುಟ್ಲಿ?"

ಅವಳಿಗೆ ಅಂದು ಅನ್ನ ಸೇರಲಿಲ್ಲ. ಇಷ್ಟು ವರ್ಷದಲ್ಲಿ ಕಲ್ಲಿಗೊಂದು ಕಟ್ಟೆಯಾಗಿ, ಕಟ್ಟೆಗೊಂದು ಕಮಿಟಿಯಾಗಿ, ಕಮಿಟಿಗೆ ಅಂದಪ್ಪ ಹಿರಿಯನಾಗಿ ಕುಳಿತಿದ್ದ. ಅವನ ಮುಂದೆ ಹೋಗಿ, ನಾ ಕುಣಿದದ್ದೆಲ್ಲ ಸೋಗು, ನೀವು ಅಡ್ಡ ಬೀಳುತ್ತಿರುವುದು ನನ್ನ ಖಾರದ ಕಲ್ಲಿಗೆ, ಮರ ಕಡಿಸಿಬಿಡಿ ಎಂದು ಬಿಚ್ಚಿ ಹೇಳಿದಳು. ನಾಚಿಕೆಯಿಂದ ಅವಳಿಗೆ ತಲೆ ಎತ್ತಲಾಗಲಿಲ್ಲ. ಅಂದಪ್ಪ ಸಿಟ್ಟಾಗಲಿಲ್ಲ, ನಕ್ಕ.

"ಕಲ್ಲು ನಿಂದ ಇರಬಹುದು, ಗದಿಗೆವ್ವ. ಅದರಾಗ ಬಂದಾಕಿ ದೇವೀನ."

ಸರಿ, ಆಮೇಲೆ ಬಸ್ಸಿಗೆ ನಿಂತವರಿಗೆಲ್ಲ ದೂರ ನಿಲ್ಲಿ ಎಂದು ಗಂಟಲು ಹರಿದುಕೊಂಡಳು. ಆ ಸುಡು ಬಿಸಿಲಲ್ಲಿ ಯಾರು ನಿಲ್ಲುತ್ತಾರೆ? ಲಕ್ಷ್ಮೇಶ್ವರದ ಕಾಲೇಜಿಗೆ ಹೋಗುವ ಅಂಕಿತಾ, ಮೊದಲು ನಿನ್ನ ಬುಟ್ಟಿ ಆಚೆ ಇಡು ಆಯಿ, ಆಮೇಲೆ ನಾ ಬರುತ್ತೇನೆ ಎಂದು ಚಾಷ್ಟಿ ಮಾಡಿದಳು. ಹುಡುಗಿ ಹೇಳಿದ್ದು ಖರೆಯೇ. ಬಿಸಿಲಿಗಿಟ್ಟರೆ ಕೊತ್ತಂಬರಿ ಬಾಡುತ್ತದೆಂದು ಗದಿಗೆವ್ವ ಬುಟ್ಟಿಯನ್ನು ಅಲ್ಲೇ ಇಟ್ಟಿದ್ದಳು.

ಯೂಸುಫ ಹೇಳಿದ ಎಂಟನೆಯ ದಿನ ಮಧ್ಯಾಹ್ನ ಬೇಸಿಗೆಯ ಅಡ್ಡಮಳೆಯ ಗಾಳಿ ಎದ್ದಿತು. ಗದಿಗೆವ್ವ ಕೊಡ ಹಿಡಿದು ನಳದ ಕಡೆ ಹೋಗಿದ್ದಳು. ಲಟಲಟ ಸದ್ದಿಗೆ ತಿರುಗಿ ನೋಡುವಷ್ಟರಲ್ಲಿ ಮರದ ಅರ್ಧ ನೆಲದ ಮೇಲಿತ್ತು, ಅದರಡಿ ಅಂಕಿತಾ ಇದ್ದಳು. ಹತ್ತು ಜನ ಸೇರಿ ಕೊಂಬೆ ಎತ್ತುವ ಹೊತ್ತಿಗೆ ಹುಡುಗಿಯ ಉಸಿರು ನಿಂತಿತ್ತು.

ಉಳಿದರ್ಧ ಈಗಲೋ ಆಗಲೋ ಎಂಬಂತೆ ವಾಲಿಕೊಂಡಿತ್ತು. ಆದರೂ ಕೊಡಲಿ ಎತ್ತುವ ಒಬ್ಬ ಗಂಡಸೂ ಸಿಗಲಿಲ್ಲ! ಗದಿಗೆವ್ವ ದೇವಿಯನ್ನು ಖಾರದ ಕಲ್ಲು ಅಂದಳು, ಅದಕ್ಕೇ ದೇವಿ ಮುನಿದಳು ಎಂಬ ಮಾತು ಊರೆಲ್ಲ ಹಬ್ಬಿತು. ಮೂರನೆಯ ದಿನ ಅಂಕಿತಾಳ ತಾಯಿ ಸುನಿತಾ ಕಟ್ಟೆಗೆ ಬಂದು ಎಲ್ಲರೆದುರು ಗದಿಗೆವ್ವನ ಕಾಲು ಹಿಡಿದಳು.

"ಆಯಿ, ದೇವೀನ ಮೈಮ್ಯಾಲೆ ಕರೀರಿ. ನನ್ನ ಮಗಳು ಏನ್ ತಪ್ಪ ಮಾಡಿದ್ಲು, ಕೇಳ್ರಿ."

ದೇವಿಯೇ ಇಲ್ಲ ತಂಗಿ, ಎಲ್ಲಾ ನಾ ಮಾಡಿದ್ದು ಎಂದು ಗದಿಗೆವ್ವ ಅತ್ತಳು. ಸುನಿತಾ ಕಾಲು ಬಿಡಲಿಲ್ಲ. ಮತ್ತಷ್ಟು ಜನ ಬಂದು ಅದೇ ವಾಲಿದ ಮರದಡಿ ಸೇರಿದರು. ಇವರ ಮೇಲೂ ಮರ ಬಿದ್ದೀತೆಂದು ಗದಿಗೆವ್ವ ಮತ್ತೆ ಮೈದುಂಬಿದವಳ ಸೋಗು ಹಾಕಿದಳು. ಕೂದಲು ಬಿಚ್ಚಿ ಒದರಿದಳು: ಆ ಮಗಳದ್ದು ಏನೂ ತಪ್ಪಿಲ್ಲ, ನನಗೆ ಈ ಮರ ಬೇಡ, ಈಗಿಂದೀಗಲೇ ಕಡಿದು ಹಾಕಿ.

ಅಂದಪ್ಪ ಅಲ್ಲೇ ಅಡ್ಡಬಿದ್ದ. ತಾನೇ ಓಡಿಹೋಗಿ ಗರಗಸದವರನ್ನು ಕರೆತಂದ. ತಾಸೊಪ್ಪತ್ತಿನಲ್ಲಿ ಮರ ನೆಲಕ್ಕೊರಗಿತು. ಸುನಿತಾ ಕಣ್ಣೊರೆಸಿಕೊಂಡು ಗದಿಗೆವ್ವನ ಮುಂದೆ ಕೈಮುಗಿದಳು.

"ಈ ಮಾತು ಮದ್ಲ ಆಡಿದ್ರ ನನ್ನ ಮಗಳು ಉಳೀತಿದ್ಲು. ಯಾಕ್ ಆಡ್ಲಿಲ್ಲ, ತಾಯಿ?"