ಕಪ್ಪು ಪರದೆಯೆದುರು ಎಂಟರ್ ಒತ್ತಿದವನು

೧
ಎಲ್ಲಿಂದ ಶುರು ಮಾಡಲಿ? ಪರದೆ ಕಪ್ಪಾಯಿತು ಎಂದರೆ, ಓದುವವರೇ, ಕರೆಂಟು ಹೋಯಿತೇನೋ ಎಂದುಕೊಂಡು ನೀವು ಪುಟ ತಿರುಗಿಸುತ್ತೀರಿ. ಗಂಟಲಿನಿಂದ ಶುರು ಮಾಡೋಣವೆಂದರೆ ಆ ಗಂಟಲಿನ ಒಡತಿಗೆ ಸಿಟ್ಟು.

೧, ಮತ್ತೊಮ್ಮೆ
ನಾಳೆ ಬೆಳಿಗ್ಗೆ ಅಕ್ಕನ ಗಂಟಲಿನ ಆಪರೇಷನ್. ಆಮೇಲೆ ದನಿ ಇರುವುದಿಲ್ಲ. ಜನ ಮೈಯೆಲ್ಲ ಕಿವಿಯಾಗಿ ಕೂತು ಪದ್ಯ ಕೇಳುತ್ತಿದ್ದ ದನಿ ಅದು. ಪೂರ್ತಿ ಕೆಡುವ ಮೊದಲೇ ಅವಳು ಓದಿದ್ದನ್ನೆಲ್ಲ ಅವಳ ತಮ್ಮ ರೆಕಾರ್ಡ್ ಮಾಡಿ ಒಂದು ಡಿಸ್ಕಿನಲ್ಲಿ ತುಂಬಿಟ್ಟಿದ್ದಾನೆ. ಅದನ್ನು ಕೇಳಿ ಕಲಿತು, ಟೈಪ್ ಮಾಡಿದ ಮಾತನ್ನು ಅವಳ ದನಿಯಲ್ಲೇ ಆಡುವ ಸಾಫ್ಟ್‌ವೇರ್ ಒಂದಿದೆ. (ಇನ್ನೊಂದು ಪ್ರತಿ? ಇದೆ. ಅದೇ ಡಿಸ್ಕಿನ ಇನ್ನೊಂದು ಫೋಲ್ಡರಿನಲ್ಲಿ. ಕಂಪ್ಯೂಟರ್ ರಿಪೇರಿಯವನ ಮನೆಯ ಬ್ಯಾಕಪ್ ಹೀಗೇ ಇರುತ್ತದೆ.)

೨
ಆ ಸಾಫ್ಟ್‌ವೇರ್ ತಮ್ಮನ ಕಂಪ್ಯೂಟರಿನ ಲಿನಕ್ಸ್ ಸಿಸ್ಟಮ್ಮಿನಲ್ಲಿ ಓಡುವುದಿಲ್ಲ. ಅದಕ್ಕೆ ಅವನು ಕಂಪ್ಯೂಟರಿನ ಹೊಟ್ಟೆಯೊಳಗೆ ಬೇರೆ ಸಿಸ್ಟಮ್ಮಿನ ಇನ್ನೊಂದು ಕಂಪ್ಯೂಟರನ್ನು, ಅಂದರೆ ವರ್ಚುವಲ್ ಮೆಶಿನ್ನನ್ನು, ಕೂರಿಸಿದ. ಅದಕ್ಕೂ ಪರದೆಗೆ ಚಿತ್ರ ಕಳಿಸುವ ಗ್ರಾಫಿಕ್ಸ್ ಕಾರ್ಡು ಬೇಕು, ಇರುವುದು ಒಂದೇ. ಕೊಡಲು ಹೋದರೆ ಎರರ್: ಕಾರ್ಡು ಬೇರೆ ಭಾಗಗಳ ಜೊತೆ ಒಂದು ಗುಂಪಿನಲ್ಲಿದೆ, ಕೊಡುವುದಾದರೆ ಗುಂಪನ್ನೇ ಕೊಡು. ಬೆಳಗಿನಿಂದ ಅದನ್ನೇ ನೋಡಿ ರೋಸಿಹೋದವನು ಗುಂಪನ್ನೇ ಕೊಟ್ಟುಬಿಟ್ಟ. ಗುಂಪಿನಲ್ಲಿ ಇನ್ನೇನಿದೆ ಎಂದು ನೋಡಲಿಲ್ಲ.

ಪರದೆ ಕಪ್ಪಾಯಿತು.

“ಏನಾಯ್ತೋ?” ಅಕ್ಕನ ದನಿಯಲ್ಲಿ ಈಗಲೇ ಮಾತಿಗಿಂತ ಉಸಿರು ಹೆಚ್ಚು.

“ಏನಿಲ್ಲಕ್ಕ. ಕಾರ್ಡು ಒಳಗಿನ ಮೆಶಿನ್ ಕೈಗೆ ಹೋಯ್ತು. ಈಗ ಬರುತ್ತೆ.”

“ಇವತ್ತು ನಾನು ಹೇಳಿದ್ದು ಕೇಳದವನು ನಾಳೆ ಡಬ್ಬದ ಮಾತು ಕೇಳ್ತೀಯಾ?”

“ಡಬ್ಬಕ್ಕೆ ವಾಲ್ಯೂಮ್ ಕಮ್ಮಿ ಮಾಡಬಹುದಕ್ಕ.”

ಅಕ್ಕ ನಕ್ಕಳು, ನಗು ಕೆಮ್ಮಾಯಿತು. ಕಪ್ಪು ಪರದೆ ಕಂಡರೆ ಎಂಟರ್ ಕುಟ್ಟುವುದು ಈ ಕಸುಬಿನವರ ಚಟ. ಅವನು ಕುಟ್ಟಿದ. ಮತ್ತೆ ಮತ್ತೆ ಕುಟ್ಟಿದ.

೩ (ಇದನ್ನು ಬರೆಯಲು ನನಗೇ ಭಯ)
ಪರದೆ ಬೆಳಗಿತು. ಅಕ್ಕನ ದನಿಯಿದ್ದ ಡಿಸ್ಕೂ ಕೀಬೋರ್ಡೂ ಅದೇ ಗುಂಪಿನಲ್ಲಿದ್ದವು. ಒಳಗಿನ ಮೆಶಿನ್ನಿಗೆ ಆ ಡಿಸ್ಕನ್ನು ಓದಲು ಬಾರದು. ಎಲ್ಲ ಅಳಿಸಿ ಫಾರ್ಮ್ಯಾಟ್ ಮಾಡಲೇ ಎಂದು ಅದು ಕತ್ತಲಲ್ಲೇ ಕೇಳಿತ್ತು, ಕತ್ತಲಲ್ಲೇ ಇವನು ಎಂಟರ್ ಕುಟ್ಟಿ ಹೂಂ ಅಂದಿದ್ದ. ಎಷ್ಟು ಅಳಿಸಿತೆಂದು ತೋರಿಸುವ ಹಸಿರು ಪಟ್ಟಿ ಆಗಲೇ ತೆವಳುತ್ತಿತ್ತು.

ಅವನು ವೈರು ಕಿತ್ತ. ಫ್ಯಾನು ನಿಂತಿತು. ಎಷ್ಟು ಅಳಿಸಿಹೋಗಿದೆಯೋ, ಮತ್ತೆ ಆನ್ ಮಾಡಿದರೇ ಗೊತ್ತಾಗುವುದು.

೪
ಮುಕ್ತಾಯ ಒಂದು: ಎಲ್ಲ ಹಾಗೇ ಇದೆ. (ನೀವೂ ನಂಬುವುದಿಲ್ಲ, ಅವನೂ ನಂಬುವುದಿಲ್ಲ.) ಮುಕ್ತಾಯ ಎರಡು: ಏನೂ ಉಳಿದಿಲ್ಲ. ಇದನ್ನು ಬರೆಯುತ್ತಿದ್ದಂತೆ ಅಕ್ಕ ಕಥೆ ಬರೆಯುವ ನನ್ನತ್ತಲೇ ತಿರುಗಿದಳು.

“ಆ ಮುಕ್ತಾಯಾನ ಹೊಡೆದುಹಾಕಪ್ಪ.”

“ಮಾಡಿದ್ದು ನಿಮ್ಮ ತಮ್ಮ, ನಾನಲ್ಲಮ್ಮ.”

“ಮಾಡಿಸಿದ್ದು ನೀನು. ಅವನು ಜೀವನಪೂರ್ತಿ ತನ್ನ ಕೈ ನೋಡ್ಕೊಂಡು ಕೂರಬೇಕಾ?”

ಹೊಡೆದುಹಾಕಿದೆ.

ವೈರು ಮತ್ತೆ ಸಿಕ್ಕಿಸಿದ್ದಾನೆ. ಪವರ್ ಬಟನ್ನಿನ ಮೇಲೆ ಬೆರಳಿಟ್ಟಿದ್ದಾನೆ, ಒತ್ತಲು ಆಗುತ್ತಿಲ್ಲ. ಅಕ್ಕ ಗಂಟಲು ಸರಿಮಾಡಿಕೊಂಡಳು.

“ಅಕ್ಕ, ಮಾತಾಡಬಾರದು ಅಂದಿದ್ದಾರೆ ಡಾಕ್ಟರು. ಇರು, ಫೋನಲ್ಲಾದರೂ ರೆಕಾರ್ಡ್...”

“ಈ ದನೀನಾ? ಬೇಡ. ಸುಮ್ನೆ ಕೇಳು.”

ಪದ್ಯ ಎತ್ತಿದಳು. ಮೊದಲ ಸಾಲು ದಾಟಿತು. ಎರಡನೆಯದರ ನಡುವೆ ಉಸಿರು ಸಿಕ್ಕಿಕೊಂಡು ಮತ್ತೆ ಬಿಡಿಸಿಕೊಂಡಿತು. ನಾನಿಲ್ಲಿ ಚುಕ್ಕೆ ಇಟ್ಟರೆ ಅವಳು ನಿಲ್ಲಿಸಬೇಕಾಗುತ್ತದೆ, ಅವನು ಬಟನ್ ಒತ್ತಬೇಕಾಗುತ್ತದೆ, ಆದ್ದರಿಂದ ಇನ್ನೊಂದು ಸಾಲು, ಇನ್ನೂ ಒಂದು