ರಸ್ತೆ ಹೊತ್ತ ಗೋಡೆ

ಪೆನ್ನಿನ ಮುಚ್ಚಳ ತೆಗೆಯುತ್ತಾನೆ, ಹಾಕುತ್ತಾನೆ, ಟಕ್, ಟಕ್, ಬರೆಯುವುದೇನೂ ಇಲ್ಲ ಈ ಇಂಜಿನಿಯರನಿಗೆ, ನಮ್ಮ ಮನೆಯ ನಕ್ಷೆ ಮೇಜಿನ ತುಂಬ ಹರಡಿಕೊಂಡು ಕೂತಿದ್ದಾನೆ, ಹಿತ್ತಲಿನ ಮೇಲೆ ಟೀ ಲೋಟ ಇಟ್ಟಿದ್ದಾನೆ, ಲೋಟ ಎತ್ತಿದರೆ ಒದ್ದೆ ಉಂಗುರ, ಆ ಉಂಗುರದೊಳಗೇ ಗೋಡೆ ಬಿದ್ದ ಜಾಗ — ನೋಡಿಯಮ್ಮ, ಈ ಕೆಂಪು ಗೆರೆ ನಿಮ್ಮ ಗಡಿ, ಗೋಡೆ ಗೆರೆಯ ಈಚೆಗಿದೆ, ಅಂದ್ರೆ ನಿಮ್ಮದು, ನಿಮ್ಮ ಗೋಡೆ ಬಿದ್ದು ನಮ್ಮ ರಸ್ತೆ ಕುಸಿದಿದೆ. ನಮ್ಮ ಗೋಡೆ, ಇವರ ರಸ್ತೆ, ಎಷ್ಟು ಸಲೀಸಾಗಿ ಹೇಳಿಬಿಟ್ಟ. ರಸ್ತೆ ಮೇಲೆ, ನಾವು ಕೆಳಗೆ, ಎರಡಾಳೆತ್ತರದ ಗೋಡೆ ನಡುವೆ ನಿಂತು ರಸ್ತೆಯನ್ನು ಬೆನ್ನಿಗೆ ಹೊತ್ತುಕೊಂಡಿತ್ತು, ಲಾರಿ ಓಡಿದ್ದು ಮೇಲೆ, ಡಾಂಬರಿನ ಮೇಲೆ ಡಾಂಬರು ಸುರಿದವರು ಈ ಆಫೀಸಿನವರು, ರಸ್ತೆಬದಿಯ ಚರಂಡಿ ಮುಚ್ಚಿ ಕಲ್ಲು ಹಾಸಿದವರು ಇವರು, ನೀರು ಎಲ್ಲಿಗೆ ಹೋಗಬೇಕು, ಹೋಗಿ ಗೋಡೆಯ ಬೆನ್ನಿಗೆ ನಿಂತಿತು. ನಮ್ಮನೆಯವರಿಗೆ ಅದು ಮೊದಲೇ ಗೊತ್ತಾಗಿತ್ತು, ಮೂವತ್ತು ವರ್ಷ ಊರವರ ಗೋಡೆ ಕಟ್ಟಿದ ಮೇಸ್ತ್ರಿ, ಗೊತ್ತಾಗದೆ ಇರುತ್ತದೆಯೇ, ಅಂಗೈಯಿಂದ ತಟ್ಟಿದರು, ಕಿವಿಯಿಟ್ಟು ಕೇಳಿದರು, ಒಳಗೆ ನೀರು ತುಂಬಿದೆ ಕಣೆ, ಹೊಟ್ಟೆ ನೋಡು ಹೇಗೆ ಮುಂದೆ ಬಂದಿದೆ, ಎಂಟು ತಿಂಗಳಾಗಿದೆ ಇದಕ್ಕೆ, ಇನ್ನು ಹೆರೋದೊಂದೇ ಬಾಕಿ ಅಂದರು. ನಾನು ನಕ್ಕೆ. ನಗು ಹೇಗಾದರೂ ಬಂತೋ ನನಗೆ.

ಅರ್ಧ ದಿನದ ಕೆಲಸ, ನೀರು ಹೊರಗೆ ಬರಲು ಬುಡದಲ್ಲಿ ನಾಲ್ಕು ತೂತು ಕೊರೆದರೆ ಸಾಕಿತ್ತು, ಹಾರೆ ಹಿಡಿದು ಒಂದು ಕಲ್ಲು ಕದಲಿಸಿಯೂ ಇದ್ದರು, ಅಷ್ಟರಲ್ಲಿ ಈ ಗುಮಾಸ್ತ — ಇಗೋ ಇಲ್ಲೇ ಮೂಲೆಯಲ್ಲಿ ತಲೆ ತಗ್ಗಿಸಿ ಫೈಲಿಗೆ ದಾರ ಕಟ್ಟುತ್ತಿರುವವನು, ಇವನೇ — ಮೇಲೆ ಸ್ಕೂಟರ್ ನಿಲ್ಲಿಸಿ ಬಗ್ಗಿ ಕೂಗಿದ, ಮೇಸ್ತ್ರಿ, ಸರ್ಕಾರಿ ಗೋಡೆ ಅದು, ಮುಟ್ಟಿದ್ರೆ ಕೇಸ್ ಆಗುತ್ತೆ. ವಾರಕ್ಕೆ ಮೊಹರು ಹಾಕಿದ ಕಾಗದವೂ ಬಂತು, ಸದರಿ ತಡೆಗೋಡೆಯು ಸಾರ್ವಜನಿಕ ಆಸ್ತಿಯಾಗಿದ್ದು ಖಾಸಗಿಯವರು ಅದಕ್ಕೆ ಕೈ ಹಚ್ಚತಕ್ಕದ್ದಲ್ಲ. ಇವರು ಹಾರೆ ಒಳಗಿಟ್ಟರು. ಅದಕ್ಕೇ ನನಗೆ ಇವರ ಮೇಲೂ ಸಿಟ್ಟು, ಯಾಕೆ ಕೇಳಿದಿರಿ ಅವರ ಮಾತು, ಕೇಸ್ ಹಾಕಿಸಿಕೊಂಡು ಕೊರೆಯಬೇಕಿತ್ತು, ಆದರೆ ಇವರು ಕಾನೂನು ಅಂದರೆ ಕಾನೂನು ಅನ್ನುವ ಜಾತಿ, ಅರ್ಜಿ ಬರೆದರು, ಮತ್ತೆ ಬರೆದರು, ಮೂರನೆಯದಕ್ಕೆ ಉತ್ತರ ಬರುವ ಮೊದಲೇ ಆ ಮಂಗಳವಾರ, ಬೆಳಗ್ಗೆ ಹನ್ನೊಂದಕ್ಕೆ, ಮೇಲೆ ನೀರಿನ ಟ್ಯಾಂಕರ್ ಬಂದು ನಿಂತಿತು, ಕೆಳಗೆ ಇವರು ನಾನು ಒಗೆದಿಟ್ಟ ಬೆಡ್‌ಶೀಟನ್ನು ತಂತಿಗೆ ಹಾಕುತ್ತಿದ್ದರು, ಯಾರೋ ಮುದುಕ ಕೆಮ್ಮಿದ ಹಾಗೆ ಒಂದು ಸದ್ದು, ಅಷ್ಟೇ, ನಾನು ಓಡಿ ಬಂದಾಗ ಕಲ್ಲಿನ ರಾಶಿಯ ಆಚೆ ತಲೆ, ಎದೆ, ಎಲ್ಲ ಇತ್ತು, ಬಲಗೈ ಇರಲಿಲ್ಲ, ರಾಶಿಯೊಳಗಿತ್ತು. ಇನ್ನು ಈ ಕೈಯಲ್ಲಿ ಕರಣೆ ಹಿಡಿಯೋಕಾಗಲ್ಲ ಅಂದರು ಡಾಕ್ಟರು, ಕಾಫಿ ಇಲ್ಲ ಅಂದಷ್ಟು ಮೆತ್ತಗೆ. ಈಗ ಈ ಇಂಜಿನಿಯರ್ ನನ್ನನ್ನು ಕರೆಸಿರುವುದು ಯಾಕೆ ಅಂದರೆ, ರಸ್ತೆಯ ಮಣ್ಣೂ ನಮ್ಮ ಹಿತ್ತಲಿಗೆ ಜಾರಿದೆಯಂತೆ, ಏಳು ದಿನದೊಳಗೆ ನಾವೇ ತೆಗೆಸಿ ಗೋಡೆ ಕಟ್ಟಿಸಿ ಕೊಡಬೇಕಂತೆ.

ಚೀಲದಿಂದ ಆ ಮೊಹರಿನ ಕಾಗದ ತೆಗೆದು ನಕ್ಷೆಯ ಮೇಲೇ ಇಟ್ಟೆ. ಓದಿದ, ಟಕ್, ಇದು ಹಿಂದಿನ ಇಂಜಿನಿಯರ್ ಕೊಟ್ಟದ್ದು, ತಪ್ಪಾಗಿ ಹೋಗಿದೆ. ಮೊಹರೂ ಹಿಂದಿನವರದ್ದೇನಾ ಸಾರ್ ಅಂದೆ. ಫೈಲು ಮಗುಚಿದ, ಇನ್ನೊಂದು ಹಾಳೆ ನನ್ನ ಕಡೆ ತಿರುಗಿಸಿದ, ನಿಮ್ಮ ಯಜಮಾನ್ರೇ ಒಪ್ಪಿಕೊಂಡಿದ್ದಾರಲ್ಲಮ್ಮ. ನಾಲ್ಕು ಸಾಲು ಟೈಪು, ಗೋಡೆ ನಮ್ಮದು, ನಾವೇ ನೋಡಿಕೊಳ್ಳಲಿಲ್ಲ, ಕಚೇರಿಯ ಮೇಲೆ ನಮ್ಮ ತಕರಾರಿಲ್ಲ, ಕೆಳಗೆ ನೀಲಿ ಹೆಬ್ಬೆಟ್ಟು, ಗುರುವಾರದ ತಾರೀಖು. ಗುರುವಾರ, ಗುರುವಾರ ನಾನು ಆಸ್ಪತ್ರೆಯಲ್ಲಿ ಔಷಧಿಗೆ ಕೆಳಗಿಳಿದಿದ್ದೆ, ಸಾಲು ಉದ್ದವಿತ್ತು, ಮೇಲೆ ಬಂದರೆ ಮಂಚದ ಪಕ್ಕ ಕಿತ್ತಳೆ ಹಣ್ಣು, ಇವರ ಹತ್ತಿರ ಕೂರಿಸಿ ಹೋಗಿದ್ದ ಅತ್ತೆಯ ಮುಖ ಅರಳಿತ್ತು, ಆಫೀಸಿನೋರು ನೋಡೋಕೆ ಬಂದಿದ್ರು ಕಣೆ, ನಾನಿರ್ತೀನಿ ಕಾಫಿ ಕುಡ್ಕೊಂಡು ಬನ್ನಿ ಅಂದ್ರು, ಪಾಪ, ಎಷ್ಟು ಮರ್ಯಾದಸ್ಥರು. ಇವರಿಗೆ ಇಂಜೆಕ್ಷನ್ನಿನ ಮಂಪರು. ನಾನು ಹಣ್ಣು ಸುಲಿದೆ, ಅತ್ತೆಗೆ ಕೊಟ್ಟೆ, ನಾನೂ ತಿಂದೆ, ಸಿಹಿ ಇತ್ತು ಅಂತ ಇನ್ನೊಂದು ತಿಂದೆ, ಅಯ್ಯೋ ನನ್ನ ಬಾಯಿಗಿಷ್ಟು ಮಣ್ಣು ಹಾಕ, ಸಂಜೆ ಮೈ ಒರೆಸುವಾಗ ಎಡಗೈ ಹೆಬ್ಬೆರಳಿಗೆ ನೀಲಿ, ಆಸ್ಪತ್ರೆಯವರದ್ದೇನೋ ಇರಬೇಕು ಅಂದುಕೊಂಡು ಸೋಪು ಹಚ್ಚಿ ನಾನೇ ತಿಕ್ಕಿದೆ, ನಾನೇ.

ಅಂಗೈ ಬಿಡಿಸಿ ಆ ಹಾಳೆಯ ಮೇಲೆ ಇಟ್ಟೆ. ಲಾಂಡ್ರಿಯಲ್ಲಿ ಹದಿನೆಂಟು ವರ್ಷ ಇಸ್ತ್ರಿಪೆಟ್ಟಿಗೆ ಒತ್ತಿದ ಕೈ, ಸುಲಭಕ್ಕೆ ಏಳುವುದಿಲ್ಲ. ಕೈ ತೆಗೀರಮ್ಮ, ಸರ್ಕಾರಿ ದಾಖಲೆ ಅದು. ತೆಗೆಯಲ್ಲ ಸಾರ್, ನಮ್ಮನೆಯವರು ಓದು ಬರಹ ಬಲ್ಲವರು, ಮೂರು ಅರ್ಜಿಗೂ ಸಹಿ ಹಾಕಿದ್ದಾರೆ, ಇದನ್ನ ಯಾರು ಒತ್ತಿಸಿದ್ದು? ಪೆನ್ನು ನಿಂತಿತು. ಬಾಗಿಲಲ್ಲಿ ಕಾಯುತ್ತಿದ್ದವರು ಇತ್ತ ತಿರುಗಿದರು. ಇಂಜಿನಿಯರ್ ಗುಮಾಸ್ತನನ್ನು ನೋಡಿದ, ನೀನೇನು ಮಾಡಿಟ್ಟೆಯೋ ಅನ್ನುವ ಹಾಗೆ, ಗುಮಾಸ್ತನ ಕೈಯಿಂದ ದಾರದ ಉಂಡೆ ಜಾರಿ ಉರುಳಿತು, ನೀವು ಹೇಳಿದ್ದಕ್ಕೇ ತಾನೇ ಸಾರ್ ನಾನು ಹೋಗಿದ್ದು, ಅವರಿಗೆ ಎಚ್ಚರ ಇರ್ಲಿಲ್ಲ ಅಂತ ನಾನು ಆಗಲೇ ಹೇಳಿದ್ದೆ ನಿಮಗೆ. ಬಾಗಿಲಿನವರೆಲ್ಲ ಕೇಳಿದರು, ಒಬ್ಬ ಹೆಂಗಸು ಒಳಗೇ ಬಂದು ನನ್ನ ಪಕ್ಕ ನಿಂತಳು, ಯಾರೋ ಏನೋ, ನಿಂತಳು.

ನಕಲು ಕೊಟ್ಟರು, ಕೊಡದೆ ಹೋಗುತ್ತಾರೆಯೇ, ಅಷ್ಟು ಜನರೆದುರು. ನಾಳೆ ವಕೀಲರ ಹತ್ತಿರ ಹೋಗುತ್ತೇನೆ, ಸಾಕ್ಷಿ ಹೇಳುತ್ತೇನೆಂದು ಆ ಹೆಂಗಸು ತನ್ನ ನಂಬರೂ ಕೊಟ್ಟಿದ್ದಾಳೆ, ಎದ್ದು ಬಸ್ಸು ಹಿಡಿಯಬೇಕು, ಇವರಿಗೆ ಊಟದ ಹೊತ್ತು, ಮೆಟ್ಟಿಲ ಮೇಲೆ ಕೂತುಬಿಟ್ಟಿದ್ದೇನೆ, ಯಂತ್ರದಿಂದ ಬಂದ ಹಾಳೆ ಇನ್ನೂ ಬೆಚ್ಚಗಿದೆ, ಹೆಬ್ಬೆಟ್ಟಿನ ನೀಲಿ ಹೋಗಿ ಕಪ್ಪಾಗಿದೆ, ಗೆರೆಗಳ ನಡುವೆ ಒಂದು ಅಡ್ಡ ಬಿಳಿಗೀಟು, ಯಾವುದೋ ಕಲ್ಲಿನ ಚಕ್ಕೆ ಸಿಡಿದ ಹಳೆಯ ಗಾಯ — ಆ ಗುಮಾಸ್ತ ನಿದ್ದೆಯಲ್ಲಿದ್ದವರ ಕೈ ಎತ್ತಿದ್ದಾನೆ, ಮಿಕ್ಕ ನಾಲ್ಕು ಬೆರಳನ್ನು ಒಂದೊಂದಾಗಿ ಮಡಚಿದ್ದಾನೆ, ಹೆಬ್ಬೆರಳು ಮಾತ್ರ ಬಿಟ್ಟು, ಅದನ್ನು ಮಸಿಯಲ್ಲಿ ಹೊರಳಿಸಿ, ಮಡಚಿದ್ದಾನೆ ನಾಲ್ಕು ಬೆರಳನ್ನು, ಹೆಬ್ಬೆರಳು ಮಾತ್ರ, ಮಸಿಯಲ್ಲಿ, ಇವರು ನಿದ್ದೆಯಲ್ಲಿ, ಆ ಹೆಬ್ಬೆರಳು —