ಅಟ್ಟದ ಮೇಲಿನ ಪ್ರಯಾಣಿಕ

ನಮ್ಮ ಅತ್ತೆಯವರು, ಅಂದರೆ ನನ್ನ ಹೆಂಡತಿಯ ತಾಯಿ, ಬಸ್ ನಿಲ್ದಾಣದ ಮೈಕಿನಲ್ಲಿ ಆಯುಸ್ಸೆಲ್ಲ ಮಾತಾಡಿ ನಿವೃತ್ತರಾದವರು. ಅವರು ಪಿಸುಗುಟ್ಟಿದರೂ ಪಕ್ಕದ ಮನೆಯವರು ಬ್ಯಾಗು ಎತ್ತಿಕೊಂಡು ಬಾಗಿಲಿಗೆ ಬರುತ್ತಾರೆ. ಹಾಗೆ ಹೊರಟವನೊಬ್ಬ ವಾರ ಬಿಟ್ಟು ವಾಪಸ್ ಬಂದ. ಎಲ್ಲಿಗೆ ಹೋಗಿದ್ದ ಅಂತ ಅವನಿಗೂ ಗೊತ್ತಿಲ್ಲ. ದುಃಖ ಬಂದರೆ ಅತ್ತೆ ಅಳುವುದಿಲ್ಲ, ಅನೌನ್ಸ್ ಮಾಡುತ್ತಾರೆ. ಮಾವನವರು ತೀರಿಕೊಂಡ ಸುದ್ದಿಯನ್ನು ಅವರು ಫೋನಿನಲ್ಲಿ ಮುಟ್ಟಿಸಿದ ರೀತಿಗೆ ಇಬ್ಬರು ನೆಂಟರು ಮನೆಗೆ ಬರುವ ಬದಲು ಪ್ಲಾಟ್‌ಫಾರ್ಮಿಗೆ ಹೋಗಿ ಕಾಯುತ್ತ ನಿಂತಿದ್ದರು.

ಅಂಥವರಿಗೆ ಈಗ ಮಾತಾಡಲು ಜನ ಇಲ್ಲ. ಹೆಂಡತಿ ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದಲ್ಲಿದ್ದಾಳೆ. ಬಂದವಳೇ ಕಾಲು ನೀವಿಕೊಂಡು ಗೋಡೆ ನೋಡುತ್ತ ಕೂರುತ್ತಾಳೆ. ನಾನು ಲಿಫ್ಟ್ ರಿಪೇರಿಯವನು. ಲಿಫ್ಟ್ ರಿಪೇರಿಯವನ ಹಣೆಬರಹ ಏನೆಂದರೆ, ಅವನು ಹೋದ ಕಟ್ಟಡದಲ್ಲೆಲ್ಲ ಲಿಫ್ಟ್ ಕೆಟ್ಟಿರುತ್ತದೆ. ಹೆಗಲಿಗೆ ಚೀಲ ಹಾಕಿಕೊಂಡು ಇಷ್ಟು ವರ್ಷ ಹತ್ತಿದ ಮೆಟ್ಟಿಲುಗಳನ್ನು ಒಂದರ ಮೇಲೊಂದು ಇಟ್ಟಿದ್ದರೆ ಇಷ್ಟೊತ್ತಿಗೆ ಚಂದ್ರನ ಮೇಲೆ ಕೂತು ಚಹಾ ಕುಡಿಯುತ್ತಿದ್ದೆ. ಮನೆಗೆ ಬಂದರೆ ‘ಹೂಂ’ ಅನ್ನಲೂ ತ್ರಾಣ ಇರುವುದಿಲ್ಲ.

"ನಿಮ್ಮ ಹತ್ರ ಮಾತಾಡೋದೂ ಒಂದೇ, ಗೋಡೆ ಹತ್ರ ಮಾತಾಡೋದೂ ಒಂದೇ," ಅಂದರು ಅತ್ತೆ ಒಂದು ದಿನ. "ಗೋಡೆಯಾದ್ರೂ ಗೊರಕೆ ಹೊಡಿಯಲ್ಲ. ನಂಗೊಂದು ಬೆಕ್ಕು ಕೊಡಿಸಿ, ಅಳಿಯಂದ್ರೇ."

ದಿಕ್ಕಿಲ್ಲದ ಬೆಕ್ಕುಗಳನ್ನು ಸಾಕುವ ಜಾಗ ಅದೇ ಬಸ್ ನಿಲ್ದಾಣದ ಹಿಂದಿನ ಗೋಡೆಗೆ ಅಂಟಿಕೊಂಡಿದೆ. ನಾವು ಒಳಗೆ ಕಾಲಿಟ್ಟಾಗ ಗೋಡೆಯಾಚೆಯಿಂದ "ಪ್ರಯಾಣಿಕರ ಗಮನಕ್ಕೆ" ಅಂತ ಅತ್ತೆಯದೇ ದನಿ ಮೊಳಗಿತು. ನಿಲ್ದಾಣದವರು ಈಗಲೂ ಹಳೆಯ ರೆಕಾರ್ಡನ್ನೇ ಹಾಕುತ್ತಾರೆ.

"ನನ್ನನ್ನ ಮನೆಗೆ ಕಳಿಸಿ, ಗಂಟಲು ಮಾತ್ರ ಅಲ್ಲೇ ಇಟ್ಕೊಂಡಿದ್ದಾರೆ," ಅಂದರು ಅತ್ತೆ.

ಬೆಕ್ಕುಗಳನ್ನು ನೋಡಿಕೊಳ್ಳುವ ಮೇಡಂಗೆ ಅದು ಕೇಳಿಸಲಿಲ್ಲ. ಮೈಕಿನ ಕಾಟ ತಾಳಲಾರದೆ ಅವರು ಎರಡೂ ಕಿವಿಗೆ ಹತ್ತಿ ತುರುಕಿಕೊಂಡಿದ್ದರು. ಬೂದಿ ಬಣ್ಣದ, ಅರ್ಧ ಕಿವಿಯ ಒಂದು ಗಂಡು ಬೆಕ್ಕನ್ನು ತೋರಿಸಿ, "ಇವನು ಹುಟ್ಟಿದ್ದೇ ಇಲ್ಲಿ. ಎರಡು ಮನೆಗೆ ಹೋಗಿ ವಾಪಸ್ ಬಂದಿದ್ದಾನೆ," ಅಂದರು. "ಹೋದಲ್ಲಿ ಊಟ ಮುಟ್ಟಲ್ಲ. ಇವನಿಗೆ ಗದ್ದಲ ಆಗಬಾರ್ದು, ಗೊತ್ತಾಯ್ತಾ? ಹಸಿದುಕೊಂಡು ಬಹಳ ಹೊತ್ತು ಇದ್ರೆ ಬೆಕ್ಕಿನ ಜೀವಕ್ಕೇ ಕುತ್ತು. ತಿನ್ನದಿದ್ರೆ ನಾನೇ ಬಂದು ಕರ್ಕೊಂಡು ಹೋಗ್ತೀನಿ. ಆಮೇಲೆ ಇನ್ಯಾರಿಗೂ ಕೊಡಲ್ಲ."

ಅತ್ತೆ ಬುಟ್ಟಿಯನ್ನು ಎದೆಗವಚಿಕೊಂಡು ಆಟೋ ಹತ್ತಿದರು. ಅವರ ಮುಖದಲ್ಲಿ ಅಷ್ಟು ಸಂತೋಷವನ್ನು ನಾನು ನಮ್ಮ ಮದುವೆಯಲ್ಲೂ ನೋಡಿರಲಿಲ್ಲ.

ಮನೆಯಲ್ಲಿ ಬುಟ್ಟಿಯ ಬಾಗಿಲು ತೆಗೆದು ಅವರು "ಸುಸ್ವಾಗತ!" ಅಂದದ್ದಕ್ಕೂ, ಗಾಳಿಗೆ ಮುಂಬಾಗಿಲು ಧಡಾರನೆ ಬಡಿದದ್ದಕ್ಕೂ ಸರಿಹೋಯಿತು. ಬೆಕ್ಕು ನೆಲ ಮುಟ್ಟಲೇ ಇಲ್ಲ. ನನ್ನ ತಲೆಯ ಮೇಲೆ ಒಂದು ಹೆಜ್ಜೆ, ಬೀರುವಿನ ಮೇಲೆ ಇನ್ನೊಂದು ಹೆಜ್ಜೆ ಇಟ್ಟು ಅಡುಗೆಮನೆಯ ಅಟ್ಟ ಸೇರಿತು.

"ಅಮ್ಮಾ, ನಿನ್ನ ಗಂಟಲಿಗಿಷ್ಟು! ಪಾಪದ ಪ್ರಾಣಿ, ಎದೆ ಒಡೆದು ಸಾಯತ್ತೆ!" ಅಂದಳು ಹೆಂಡತಿ.

ಅತ್ತೆ ಬಾಯಿಗೆ ಸೆರಗು ಅಡ್ಡ ಹಿಡಿದರು. ಆ ಸೆರಗು ತೆಗೆಯಲೇ ಇಲ್ಲ.

ಮನೆಯಲ್ಲಿ ಮೌನ ಶುರುವಾಯಿತು. ಸದ್ದಾಗದಿರಲಿ ಅಂತ ಪಾತ್ರೆಗಳ ನಡುವೆ ಬಟ್ಟೆ ಬಂತು. ಸೀನು ಬಂದರೆ ನಾನು ಫ್ರಿಜ್ಜಿನೊಳಗೆ ತಲೆ ಹಾಕಿ ಸೀನುತ್ತಿದ್ದೆ. ದಿನವಿಡೀ ಮೆಟ್ಟಿಲು ಹತ್ತಿ ಬಂದವನು ಸ್ವಂತ ಮನೆಯಲ್ಲಿ ತುದಿಗಾಲಲ್ಲಿ ನಡೆಯಬೇಕೆಂದರೆ ಮೀನಖಂಡದ ಗತಿ ಏನಾಗಬೇಡ? ಪಕ್ಕದ ಮನೆಯವರಂತೂ ಎಲ್ಲ ಬಸ್ಸೂ ಬಂದ್ ಆಗಿರಬೇಕು ಎಂದುಕೊಂಡು ಕೆಲಸಕ್ಕೇ ಹೋಗಲಿಲ್ಲ.

ಅತ್ತೆ ಮೀನು ಬೇಯಿಸಿ, ಮುಳ್ಳು ತೆಗೆದು, ತಟ್ಟೆಯನ್ನು ಅಟ್ಟದ ಕೆಳಗಿಟ್ಟು ಗೋಡೆಗೆ ಒರಗಿ ಕೂರುತ್ತಿದ್ದರು. ಮೇಲಿನಿಂದ ಎರಡು ಹಳದಿ ಕಣ್ಣು ಅವರನ್ನೇ ನೋಡುತ್ತಿದ್ದವು. ಆರಿದ ತಟ್ಟೆ ಎತ್ತಿ ಇನ್ನೊಂದು ಇಡುತ್ತಿದ್ದರು. ತಾವೂ ಸರಿಯಾಗಿ ಉಣ್ಣುತ್ತಿರಲಿಲ್ಲ. ಮೊದಲು ನಮ್ಮ ಮನೆಯಲ್ಲಿ ಮಾತು ಕೇಳಿ ಕೇಳಿ ಸುಸ್ತಾಗುತ್ತಿತ್ತು. ಮಾತಿಲ್ಲದೆ ಅದಕ್ಕಿಂತ ಹೆಚ್ಚು ಸುಸ್ತಾಗುತ್ತದೆ ಅಂತ ನನಗೆ ಆಗಲೇ ತಿಳಿದದ್ದು.

ಎರಡನೆಯ ದಿನವೂ ಬೆಕ್ಕು ತಟ್ಟೆಯನ್ನು ಮೂಸಿಯೂ ನೋಡಲಿಲ್ಲ. ಹೆಂಡತಿಯೇ ಮೇಡಂಗೆ ಫೋನ್ ಮಾಡಿದಳು. ಅವರು ಸಂಜೆ ಬುಟ್ಟಿ ಹಿಡಿದು ಬಂದರು. ಕಿವಿಯಲ್ಲಿ ಹತ್ತಿ ಇರಲಿಲ್ಲ.

"ನಿಮ್ಮ ತಪ್ಪೇನಿಲ್ಲ ಬಿಡಿ," ಅಂದರು. "ಕೆಲವಕ್ಕೆ ಮನೆ ಅನ್ನೋದು ಒಗ್ಗಲ್ಲ. ಏಣಿ ಇದ್ಯಾ?"

"ರೀ, ಹತ್ತಿ," ಅಂದಳು ಹೆಂಡತಿ.

ಹತ್ತುವುದು ಅಂದರೆ ಈ ಊರಿನಲ್ಲಿ ನಾನೊಬ್ಬನೇ ಇರುವುದಲ್ಲವೇ. ಏಣಿ ತಂದು ನಿಲ್ಲಿಸಿದೆ. ಅತ್ತೆ ಅಟ್ಟದ ಕೆಳಗಿಂದ ಎದ್ದು ನನಗೆ ದಾರಿ ಬಿಟ್ಟರು. ಸೆರಗು ಬಾಯಿಂದ ಜಾರಿತ್ತು. ತುಟಿ ನಡುಗುತ್ತಿತ್ತು. ಅಳುತ್ತಾರೇನೋ ಅಂದುಕೊಂಡೆ.

"ಪ್ರಯಾಣಿಕರ ಗಮನಕ್ಕೆ," ಅಂದರು ಅತ್ತೆ.

ಡಬ್ಬಗಳು ಝಣ್ ಅಂದವು. ಹೆಂಡತಿ "ಅಮ್ಮಾ!" ಅಂದಳು. ಅತ್ತೆ ನಿಲ್ಲಿಸಲಿಲ್ಲ, ಮೈಕಿನ ಮುಂದೆ ನಿಂತವರಂತೆ ನೆಟ್ಟಗೆ ನಿಂತು, ಯಾರ ಮುಖವನ್ನೂ ನೋಡದೆ ಮುಂದುವರಿಸಿದರು: "ಅಟ್ಟದಿಂದ ಹೊರಡುವ ನಮ್ಮ ಬೂದಿ ಮರಿ ಇನ್ನು ಸ್ವಲ್ಪ ಹೊತ್ತಿನಲ್ಲಿ ಹೊರಡಲಿದೆ. ಬೀಳ್ಕೊಡಲು ಬಂದವರು ದೂರ ಸರಿದು ನಿಲ್ಲಬೇಕಾಗಿ ವಿನಂತಿ. ಆಗಿರುವ ತೊಂದರೆಗೆ..."

ಅಷ್ಟು ಹೇಳಿ ಸೆರಗನ್ನು ಮತ್ತೆ ಬಾಯಿಗೆ ಒತ್ತಿಕೊಂಡರು.

ನಾನು ಏಣಿಯ ನಡುವಿನಲ್ಲಿದ್ದೆ. ನನ್ನ ತಲೆಯ ಮೇಲೆ ಮೆತ್ತಗಿನ ಒಂದು ಹೆಜ್ಜೆ ಬಿತ್ತು, ಹೆಗಲ ಮೇಲೆ ಇನ್ನೊಂದು. ಬೆಕ್ಕು ನೆಲಕ್ಕಿಳಿದು, ಬಾಲ ಎತ್ತಿ, ನೇರವಾಗಿ ಮೀನಿನ ತಟ್ಟೆಗೆ ಹೋಗಿ ಬಾಯಿ ಹಾಕಿತು. ತಿನ್ನುವ ಸದ್ದು ಎಲ್ಲರಿಗೂ ಕೇಳಿಸುತ್ತಿತ್ತು.

ಮೇಡಂ ಬುಟ್ಟಿಯನ್ನು ಕೆಳಗಿಟ್ಟರು. "ಅಯ್ಯೋ, ಆ ದನಿ ನಿಮ್ದಾ? ಹತ್ತಿ ಇಟ್ಕೊಂಡ್ರೂ ಸಂಜೆ ಬಸ್ಸಿನ ಅನೌನ್ಸ್‌ಮೆಂಟ್ ಕೇಳತ್ತೆ, ಅದಾದ ಕೂಡ್ಲೇ ನಾನು ತಟ್ಟೆ ಇಡೋದು! ಹುಟ್ಟಿದಾಗಿಂದ ಇವನು ನಿಮ್ಮ ದನಿ ಕೇಳೇ ಉಂಡಿರೋದು!"

"ಗದ್ದಲ ಆಗಬಾರ್ದು ಅಂತಲೇ ನಾನು ಸುಮ್ನಿದ್ದದ್ದು," ಅಂದರು ಅತ್ತೆ, ಅರ್ಥವಾಗದೆ. ಆಮೇಲೆ ಅರ್ಥವಾಗಿ ಅಲ್ಲೇ ನೆಲದ ಮೇಲೆ ಕೂತುಬಿಟ್ಟರು. ಬೆಕ್ಕು ತಟ್ಟೆ ನೆಕ್ಕಿ ಮುಗಿಸಿ, ಅವರ ಮೊಣಕಾಲಿಗೆ ಅರ್ಧ ಕಿವಿ ಉಜ್ಜಿತು.

ಮೇಡಂ ಖಾಲಿ ಬುಟ್ಟಿ ಹಿಡಿದು ಹೋದರು. ಕಿವಿಯ ಹತ್ತಿ ಎಲ್ಲಿ ಸಿಗುತ್ತದೆ ಅಂತ ನಾನು ಅವರನ್ನು ಗೇಟಿನವರೆಗೆ ಹೋಗಿ ಕೇಳಿ ಬಂದೆ.

ಈಗ ಎರಡು ಹೊತ್ತೂ ಅನೌನ್ಸ್‌ಮೆಂಟ್ ಇದೆ. ಪಕ್ಕದ ಮನೆಯವರು ಮತ್ತೆ ಬ್ಯಾಗು ಎತ್ತಿಕೊಳ್ಳುತ್ತಿದ್ದಾರೆ. ನಿನ್ನೆಯೂ ಹನ್ನೊಂದು ಮಹಡಿ ಹತ್ತಿ ಇಳಿದು ಬಂದೆ. ಬಾಗಿಲ ಬಳಿ ಬೂಟು ಬಿಚ್ಚಲೂ ಆಗದೆ ಕೂತಿದ್ದಾಗ ಒಳಗಿನಿಂದ "ಪ್ರಯಾಣಿಕರ ಗಮನಕ್ಕೆ" ಅಂತ ಕೇಳಿಸಿತು. ಬೆಕ್ಕು ಬಾಲ ಎತ್ತಿಕೊಂಡು ನನ್ನ ಮುಂದಿನಿಂದಲೇ ಓಡಿತು. ನಾನೂ ಗೋಡೆ ಹಿಡಿದು ಎದ್ದು, ಅದರ ಹಿಂದೆಯೇ ಹೋಗಿ ನನ್ನ ತಟ್ಟೆಯ ಮುಂದೆ ಕೂತೆ.

"ನಿಮಗಿನ್ನೂ ಟೈಮ್ ಇದೆ, ಅಳಿಯಂದ್ರೇ," ಅಂದರು ಅತ್ತೆ. "ಮೊದಲು ಅವನದು."